ಹತ್ತಿಯ ಹುಳವೂ ನಮ್ಮ ಹೆಣ್ಣುಮಕ್ಕಳ ಪಾಠವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶ, ಕಟ್ಟಡದ ಅವಶ್ಯಕತೆ, ಮಕ್ಕಳ ನಡತೆ ಇವುಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ರೂಢಿ. ಈ ಸಾರಿ ಆ ವಿಷಯಗಳನ್ನು ವಾರ್ಷಿಕ ವರದಿಗೆ ಬಿಟ್ಟು, ನಾನು ಒಂದು ಹುಳವನ್ನು ಕುರಿತು ಬರೆಯಬೇಕೆಂದಿರುವೆನು. ವಾಚಕರು ನಗಬಾರದು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳವರು. ಅವರ ಮನೆಯ ಅನ್ನ, ಬಟ್ಟೆ, ಶಾಲೆಯ ಫೀಜು ಇವೆಲ್ಲವೂ ಹತ್ತಿಯ ಕಾಯಿ ಚೆನ್ನಾಗಿ ಒಡೆಯುವುದನ್ನೇ ನೆಚ್ಚಿಕೊಂಡಿರುವುವು. ಆ ಕಾಯಿಯೊಳಗೆ ಸೇರಿದ ಹುಳವು ನಮ್ಮ ಹಾಜರಿ ಪುಸ್ತಕದಲ್ಲಿಯೂ ತನ್ನ ಗುರುತನ್ನು ಬಿಟ್ಟು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ, ದಸರೆಯ ರಜೆ ಮುಗಿದು ಶಾಲೆ ತೆರೆದ ಮೇಲೆ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹದಿನೈದು ದಿವಸ ತಡವಾಗಿ ಬಂದಳು. ಕಾರಣವನ್ನು ಕೇಳಲು ಅವಳು ಏನೂ ಹೇಳದೆ ತನ್ನ ಚೀಲದಿಂದ ಮೂರು ಹತ್ತಿಕಾಯಿಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹೊರಗಿನಿಂದ ನೋಡುವುದಕ್ಕೆ ಅವು ಚೆನ್ನಾಗಿಯೇ ಇದ್ದುವು. ಬಿಡಿಸಿ ನೋಡಿದರೆ ಅರಳೆಯು ಹಳದಿಗಟ್ಟಿತ್ತು, ಬೀಜಗಳು ಒಂದಕ್ಕೊಂದು ಅಂಟಿಕೊಂಡಿದ್ದುವು, ನಡುವೆ ಗುಲಾಬಿ ಬಣ್ಣದ ಹುಳವೊಂದು ಮುದುಡಿಕೊಂಡಿತ್ತು. “ಬೀಜದಾಗೇ ಔಷಧ ಐತಿ, ಹುಳ ಬರಂಗಿಲ್ಲ ಅಂತ ಕೊಟ್ಟಿದ್ರು ಟೀಚರ್. ಈಗ ಹುಳ ಅದನ್ನೂ ತಿನ್ನಾಕ ಕಲ್ತೈತಿ” ಎಂದಳು.

ಹುಳವು ಕಲಿತಿದೆ ಎಂಬ ಈ ಮಾತು ಆ ಹುಡುಗಿಯದು ಮಾತ್ರವಲ್ಲ. ರಾಯಚೂರಿನ ಹತ್ತಿಯ ಮಾರುಕಟ್ಟೆಯಲ್ಲಿಯೂ, ದೇವದುರ್ಗದ ಬಸ್ಸಿನಲ್ಲಿಯೂ ನಾನು ಇದೇ ಮಾತನ್ನು ಕೇಳಿದ್ದೇನೆ. ಕೇಳುವುದಕ್ಕೆ ಸರಿಯಾಗಿಯೇ ತೋರುತ್ತದೆ. ಆದರೆ ಅದು ತಪ್ಪು. ಆ ತಪ್ಪು ತಿಳುವಳಿಕೆಯಿಂದಲೇ ನಮ್ಮ ನಷ್ಟದಲ್ಲಿ ಒಂದು ಪಾಲು ಬಂದಿರುತ್ತದೆಂದು ನನ್ನ ಅಭಿಪ್ರಾಯ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಹುಳವು ಪರದೇಶದಿಂದ ನಿನ್ನೆ ಬಂದುದಲ್ಲ. 1843ರಲ್ಲಿಯೇ ಸಾಂಡರ್ಸ್ ಎಂಬ ಇಂಗ್ಲಿಷ್ ಕೀಟಶಾಸ್ತ್ರಜ್ಞನು ಗುಜರಾತಿನ ಭರೂಚಿನಿಂದ ಹೋದ ಮಾದರಿಗಳನ್ನು ಪರೀಕ್ಷಿಸಿ ಇದನ್ನು ವರ್ಣಿಸಿದ್ದನು. ಗುಲಾಬಿ ಕಾಯಿಕೊರಕವೆಂದು ನಾವು ಕರೆಯುವುದು ಇದನ್ನೇ. ಇದರ ಚಿಕ್ಕ ಪತಂಗವು ರಾತ್ರಿಯ ವೇಳೆ ಹೂವು, ಎಳೆಗಾಯಿಗಳ ಮೇಲೆ ಮೊಟ್ಟೆಯಿಡುತ್ತದೆ. ಮರಿಯು ಕಾಯಿಯನ್ನು ಕೊರೆದು ಒಳಹೊಕ್ಕ ಮೇಲೆ ರಂಧ್ರವು ಮುಚ್ಚಿಹೋಗುವುದರಿಂದ, ಮೇಲೆ ಸಿಂಪಡಿಸಿದ ಔಷಧವು ಅದಕ್ಕೆ ತಾಗುವುದೇ ಇಲ್ಲ. ಆದಕಾರಣ ವಿಷವನ್ನು ಗಿಡದೊಳಗೇ ಇಡುವ ಉಪಾಯವನ್ನು ವಿಜ್ಞಾನಿಗಳು ಹುಡುಕಿದರು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯು ಕೆಲವು ಜಾತಿಯ ಹುಳಗಳಿಗೆ ಮಾರಕವಾದ ಸಸಾರಜನಕ ವಸ್ತುವನ್ನು ಉಂಟುಮಾಡುತ್ತದೆ. ಅದರ ಜೀನನ್ನು ಹತ್ತಿಯೊಳಗೆ ಸೇರಿಸಿದರು. ಇದೇ ಬಿ.ಟಿ. ಹತ್ತಿ. ನಮ್ಮ ದೇಶದಲ್ಲಿ ಇದಕ್ಕೆ 2002ರಲ್ಲಿ ಅನುಮತಿ ದೊರೆಯಿತು. ಎರಡು ಜೀನುಗಳುಳ್ಳ ಎರಡನೆಯ ಬಗೆಯು 2006ರಲ್ಲಿ ಬಂದಿತು. ಮೊದಲಿನ ವರ್ಷಗಳಲ್ಲಿ ಕಾಯಿಗಳು ಹುಳವಿಲ್ಲದೆ ಒಡೆದುದನ್ನು ನಾವೆಲ್ಲರೂ ಕಂಡೆವು; ಅದನ್ನು ಮರೆಯುವುದು ನ್ಯಾಯವಲ್ಲ. ಆದರೆ ಗುಜರಾತಿನ ಹೊಲಗಳಿಂದ 2008ರಲ್ಲಿ ತಂದ ಹುಳಗಳು ಮೊದಲಿನ ಜೀನಿನ ವಿಷವನ್ನು ತಾಳಿಕೊಳ್ಳುವುವೆಂದು ಗೊತ್ತಾಯಿತು. 2015ರ ಹೊತ್ತಿಗೆ ಎರಡು ಜೀನುಗಳ ಹತ್ತಿಯಲ್ಲಿಯೂ ಹುಳವು ಬದುಕತೊಡಗಿತು. ಮುಂದಿನ ವರ್ಷಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಅದರ ರುಚಿಯನ್ನು ಕಂಡಿತು.

ಹಾಗಾದರೆ ಹುಳವು ಕಲಿಯಲಿಲ್ಲವೆ? ಇಲ್ಲ. ಯಾವ ಒಂದು ಹುಳವೂ ಏನನ್ನೂ ಕಲಿಯಲಿಲ್ಲ. ವಿಷವನ್ನು ತಿಂದು ಸಾಯತಕ್ಕ ಹುಳವು ಅದನ್ನು ತಿಂದು ಸತ್ತೇ ಹೋಯಿತು. ಆದರೆ ಒಂದೇ ತಾಯಿಯ ಮಕ್ಕಳು ಹೇಗೆ ಒಂದೇ ಅಚ್ಚಿನವರಲ್ಲವೋ, ಹಾಗೆಯೇ ಹುಳಗಳೂ ಒಂದರಂತೆ ಒಂದಿಲ್ಲ. ಬಿ.ಟಿ. ವಿಷವು ಹುಳದ ಕರುಳಿನಲ್ಲಿರುವ ಒಂದು ವಸ್ತುವಿಗೆ, ಬೀಗಕ್ಕೆ ಕೀಲಿ ಸೇರುವಂತೆ, ಅಂಟಿಕೊಂಡು ಕರುಳನ್ನು ಒಡೆಯುತ್ತದೆ. ಸಾವಿರಾರು ಹುಳಗಳ ನಡುವೆ ಎಲ್ಲೋ ಒಂದೆರಡರಲ್ಲಿ ಆ ಬೀಗವು ಹುಟ್ಟಿನಿಂದಲೇ ಬೇರೆ ರೂಪದ್ದಾಗಿರುತ್ತದೆ. ಬಿ.ಟಿ. ಹತ್ತಿಯು ಬರುವ ಮೊದಲು ಆ ವ್ಯತ್ಯಾಸದಿಂದ ಅವಕ್ಕೆ ಯಾವ ಲಾಭವೂ ಇರಲಿಲ್ಲ. ಹತ್ತಿಯು ಬದಲಾದ ದಿವಸ, ನಿರುಪಯೋಗವಾಗಿದ್ದ ಆ ವ್ಯತ್ಯಾಸವೇ ಪ್ರಾಣವನ್ನುಳಿಸುವ ಗುಣವಾಯಿತು.

ಲೆಕ್ಕಕ್ಕೋಸ್ಕರ ಹೀಗೆ ಭಾವಿಸೋಣ. ಒಂದು ಹೊಲದಲ್ಲಿ 10,000 ಹುಳಗಳಿವೆ. ಅವುಗಳಲ್ಲಿ 10 ಮಾತ್ರ ವಿಷವನ್ನು ತಾಳತಕ್ಕವು. ವಿಷದ ಗಿಡವು 9,990 ಹುಳಗಳನ್ನು ಕೊಂದಿತು. ರೈತನು ಹೊಲವನ್ನು ನೋಡಿ ಸಂತೋಷಪಡುತ್ತಾನೆ. ಆದರೆ ಉಳಿದ 10 ತಮ್ಮ ತಮ್ಮಲ್ಲಿಯೇ ಕೂಡುವುವು, ಏಕೆಂದರೆ ಕೂಡುವುದಕ್ಕೆ ಬೇರೆ ಯಾವುವೂ ಉಳಿದಿಲ್ಲ. ಪ್ರತಿ ತಲೆಮಾರಿಗೆ ಹತ್ತರಷ್ಟು ಹೆಚ್ಚಿದರೆ, 10 ಹೋಗಿ 100, 1,000, ಮೂರನೆಯ ತಲೆಮಾರಿಗೆ ಮತ್ತೆ 10,000. ಹೊಲದಲ್ಲಿ ಹುಳಗಳ ಸಂಖ್ಯೆಯು ಮೊದಲಿನಷ್ಟೇ. ಗುಣವು ಮಾತ್ರ ಮೊದಲಿನದಲ್ಲ. ನಿಜವಾದ ಹೊಲದಲ್ಲಿ ಇಷ್ಟು ತೀವ್ರವಾಗಿ ಆಗುವುದಿಲ್ಲ. ಹೊರಗಿನ ಪತಂಗಗಳು ಬಂದು ಸೇರುವುದುಂಟು. ಆದರೆ ಹತ್ತಿಯ ಒಂದು ಹಂಗಾಮಿನಲ್ಲಿ ಈ ಹುಳದ ನಾಲ್ಕಾರು ತಲೆಮಾರುಗಳು ಆಗಿಹೋಗುವುವೆಂಬುದನ್ನು ನೆನೆದರೆ, ಕೆಲವೇ ವರ್ಷಗಳಲ್ಲಿ ಹೀಗಾದುದು ಆಶ್ಚರ್ಯವಲ್ಲ. ಇದನ್ನೇ ಡಾರ್ವಿನ್ ಮಹಾಶಯನು 1859ರಲ್ಲಿ ಪ್ರಕೃತಿಯ ಆಯ್ಕೆಯೆಂದು ಕರೆದನು. ಆಯ್ಕೆಗೆ ಮೊದಲು ವೈವಿಧ್ಯ ಬೇಕು. ಎಲ್ಲ ಹುಳಗಳೂ ಒಂದೇ ವಿಧವಾಗಿದ್ದಿದ್ದರೆ ಆರಿಸುವುದಕ್ಕೆ ಏನೂ ಇರುತ್ತಿರಲಿಲ್ಲ.

ಕಲಿತಿದೆ ಎನ್ನುವುದಕ್ಕೂ ಆರಿಸಲ್ಪಟ್ಟಿದೆ ಎನ್ನುವುದಕ್ಕೂ ಇರುವ ಭೇದವು ಪಂಡಿತರ ವಾದವೆಂದು ಯಾರೂ ಎಣಿಸಬಾರದು. ಹುಳವು ತಾನಾಗಿ ಕಲಿಯುವುದಾದರೆ ಮನುಷ್ಯನು ಮಾಡತಕ್ಕದ್ದೇನೂ ಇಲ್ಲ. ಇನ್ನೂ ಬಲವಾದ ವಿಷವನ್ನು ಕೊಂಡು ತರುವುದೊಂದೇ ದಾರಿ. ಆಯ್ಕೆಯಾಗಿದೆಯೆಂದು ತಿಳಿದರೆ, ಆರಿಸಿದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಆರಿಸಿದವರು ನಾವೇ, ಆದುದರಿಂದ ಆರಿಸುವ ರೀತಿಯನ್ನು ಬದಲಿಸುವುದೂ ನಮ್ಮ ಕೈಯಲ್ಲಿದೆ.

ಈ ಸತ್ಯವನ್ನು ಬಲ್ಲವರು ಮೊದಲೇ ಒಂದು ನಿಯಮವನ್ನು ಮಾಡಿದ್ದರು. ಬಿ.ಟಿ. ಹತ್ತಿಯ ಸುತ್ತಲೂ ಐದು ಸಾಲು, ಇಲ್ಲವೆ ಹೊಲದ ನೂರಕ್ಕೆ ಇಪ್ಪತ್ತು ಪಾಲು, ಸಾಧಾರಣ ಹತ್ತಿಯನ್ನು ಬಿತ್ತತಕ್ಕದ್ದು. ಅದಕ್ಕಾಗಿಯೇ 450 ಗ್ರಾಂ ಬಿ.ಟಿ. ಬೀಜದ ಜೊತೆಗೆ 120 ಗ್ರಾಂ ಸಾಧಾರಣ ಬೀಜದ ಚಿಕ್ಕ ಪೊಟ್ಟಣವನ್ನು ಕೊಡುತ್ತಿದ್ದರು. ಇದನ್ನು ಆಸರೆಯ ಬೆಳೆಯೆನ್ನಬಹುದು. ಹುಳಕ್ಕೆ ನಾವೇ ಆಸರೆ ಕೊಡುವುದೇ ಎಂದು ಯಾರಾದರೂ ಕೇಳಿಯಾರು. ಅದರ ಗುಟ್ಟು ಇಷ್ಟೇ. ಆಸರೆಯ ಸಾಲುಗಳಲ್ಲಿ ವಿಷಕ್ಕೆ ಸಾಯತಕ್ಕ ಹುಳಗಳು ಬೇಕಾದಷ್ಟು ಬೆಳೆಯುವುವು. ಬಿ.ಟಿ. ಸಾಲಿನಲ್ಲಿ ಅಪೂರ್ವವಾಗಿ ಉಳಿದ ಪತಂಗವು ತನ್ನಂಥದನ್ನು ಕೂಡುವುದಕ್ಕೆ ಬದಲಾಗಿ ಇವುಗಳಲ್ಲಿ ಒಂದನ್ನು ಕೂಡುವುದು. ತಾಳಿಕೊಳ್ಳುವ ಗುಣವು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಪೂರ್ತಿಯಾಗಿ ಪ್ರಕಟವಾಗುವಂಥದು. ಮೆಂಡಲನ ಬಟಾಣಿಯಲ್ಲಿ ಗಿಡ್ಡತನವು ಒಂದು ತಲೆಮಾರು ಮರೆಯಾಗುವಂತೆ ಇದೂ ಮರೆಯಾಗುವುದು. ಆ ಮರಿಗಳು ಬಿ.ಟಿ. ಕಾಯಿಯನ್ನು ತಿಂದರೆ ಸಾಯುವುವು. ಹೀಗೆ ಐದು ಸಾಲು ಹುಳದ ಪಾಲಿಗೆ ಬಿಟ್ಟುದರಿಂದ ಉಳಿದ ಹೊಲವು ಬಹುಕಾಲ ಉಳಿಯುವುದು.

ಈ ಪೊಟ್ಟಣದ ಗತಿ ಏನಾಯಿತೆಂಬುದನ್ನು ಹೇಳುವಾಗ ಬೇರೆಯವರನ್ನು ದೂರುವುದಕ್ಕೆ ನನಗೆ ಅಧಿಕಾರವಿಲ್ಲ. ಮಾನ್ವಿ ತಾಲ್ಲೂಕಿನಲ್ಲಿ ನನ್ನ ತಮ್ಮನಿಗೆ ಸ್ವಲ್ಪ ಎರೆಭೂಮಿಯುಂಟು. ಒಂದು ಮುಂಗಾರಿನಲ್ಲಿ ಬಿತ್ತನೆಯ ದಿವಸ ನಾನು ಅಲ್ಲಿದ್ದೆನು. ಅವನು ದೊಡ್ಡ ಪೊಟ್ಟಣವನ್ನು ಹರಿದು ಬಿತ್ತಿ, ಚಿಕ್ಕದನ್ನು ಬದುವಿನ ಮೇಲೆ ಎಸೆದನು. “ಹುಳ ತಿನ್ನೋ ಹತ್ತಿಗೆ ಗೊಬ್ಬರ ಯಾರು ಹಾಕ್ಯಾರು, ಅಕ್ಕಾ” ಎಂದನು. ಹತ್ತನೆಯ ತರಗತಿಗೆ ಪ್ರಕೃತಿಯ ಆಯ್ಕೆಯ ಪಾಠವನ್ನು ವರ್ಷವರ್ಷವೂ ಹೇಳುತ್ತಿದ್ದ ನಾನು, ಆ ಪೊಟ್ಟಣವು ಅದೇ ಪಾಠವೆಂದು ಅರಿಯದೆ ಸುಮ್ಮನಿದ್ದೆನು. ನಾನು ಆ ಪಾಠವನ್ನು ಇಂಗ್ಲೆಂಡಿನ ಪತಂಗದ ಚಿತ್ರವನ್ನು ತೋರಿಸಿ ಕಲಿಸುತ್ತಿದ್ದೆನು. ಮ್ಯಾಂಚೆಸ್ಟರಿನ ಗಿರಣಿಗಳ ಹೊಗೆಯಿಂದ ಮರಗಳು ಕಪ್ಪಾಗಲು, ಬಿಳಿಯ ಪತಂಗಗಳು ಹಕ್ಕಿಗಳ ಕಣ್ಣಿಗೆ ಬಿದ್ದು ಹೋದುವು, ಕಪ್ಪಿನವು ಹೆಚ್ಚಿದುವು ಎಂದು ಮಕ್ಕಳು ಬಾಯಿಪಾಠ ಮಾಡಿ ಅಂಕಗಳನ್ನು ಪಡೆಯುತ್ತಿದ್ದರು. ಕಾಣದ ದೇಶದ ಪತಂಗವನ್ನು ಬಲ್ಲ ನಾವು ನಮ್ಮ ಬದುವಿನ ಮೇಲಿನ ಪತಂಗವನ್ನು ಅರಿಯಲಿಲ್ಲ. ಇದು ರೈತನ ತಪ್ಪಿಗಿಂತಲೂ ಉಪಾಧ್ಯಾಯರ ತಪ್ಪು ಹೆಚ್ಚೆಂದು ನಾನು ಒಪ್ಪಿಕೊಳ್ಳುತ್ತೇನೆ.

ನಿಯಮವನ್ನು ಪಾಲಿಸಿದ ಕಡೆ ಏನಾಯಿತೆಂಬುದನ್ನೂ ನೋಡತಕ್ಕದ್ದು. ಅಮೆರಿಕದ ಅರಿಜೋನಾ ಪ್ರಾಂತದಲ್ಲಿ 1996ರಿಂದ ಬಿ.ಟಿ. ಹತ್ತಿಯನ್ನು ಬೆಳೆದರು, ಆಸರೆಯ ಬೆಳೆಯನ್ನೂ ಬಿಡದೆ ಬಿತ್ತಿದರು. ಹತ್ತು ವರ್ಷ ಕಳೆದರೂ ಅಲ್ಲಿಯ ಗುಲಾಬಿ ಹುಳವು ವಿಷಕ್ಕೆ ಬಗ್ಗುತ್ತಲೇ ಇತ್ತು. ಆಮೇಲೆ ಸಂತಾನಶಕ್ತಿಯಿಲ್ಲದಂತೆ ಮಾಡಿದ ಪತಂಗಗಳನ್ನು ಬಿಟ್ಟು, ಬೇರೆ ಉಪಾಯಗಳನ್ನೂ ಸೇರಿಸಿ, 2018ರಲ್ಲಿ ತಮ್ಮ ಹತ್ತಿಯ ಸೀಮೆಯಿಂದ ಈ ಹುಳವು ನಿರ್ಮೂಲವಾಯಿತೆಂದು ಸಾರಿದರು. ಚೀನ ದೇಶದ ಯಾಂಗ್ಟ್ಸಿ ನದಿಯ ಕಣಿವೆಯಲ್ಲಿ ರೈತರು ಹೈಬ್ರಿಡ್ ಹತ್ತಿಯ ಎರಡನೆಯ ತಲೆಮಾರಿನ ಬೀಜವನ್ನು ಬಿತ್ತಿದರು. ಅದು ಅಗ್ಗವೆಂದು ಬಿತ್ತಿದ್ದೇ ಹೊರತು ಶಾಸ್ತ್ರವನ್ನು ತಿಳಿದಲ್ಲ. ಆ ಬೀಜದಲ್ಲಿ ನಾಲ್ಕರಲ್ಲಿ ಒಂದು ಪಾಲು ಗಿಡಗಳು ವಿಷವಿಲ್ಲದವಾಗಿ ಹುಟ್ಟಿದುವು, ಅವೇ ಆಸರೆಯಾದುವು. ಹುಳದಲ್ಲಿ ತಲೆಯೆತ್ತಿದ್ದ ತಾಳ್ಮೆಯ ಗುಣವು ಇಳಿಯಿತೆಂದು 2017ರಲ್ಲಿ ಪ್ರಕಟವಾದ ವರದಿಯು ತಿಳಿಸುತ್ತದೆ. ನಾಲ್ಕರಲ್ಲಿ ಒಂದು ಎಂಬುದು ಮೆಂಡಲನ ಲೆಕ್ಕವೇ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಕೂಡಲೇ ಗುರುತಿಸಿಯಾರು.

ಅಷ್ಟು ದೂರ ಹೋಗುವುದೇಕೆ? ನಮ್ಮ ಹೊಲದಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ಅಮೆರಿಕನ್ ಕಾಯಿಕೊರಕವೆಂಬ ಹಸುರು ಹುಳವು ಮೊದಲು ಹತ್ತಿಗೆ ಅತಿ ದೊಡ್ಡ ಶತ್ರುವಾಗಿತ್ತು. ಅದೂ ಬಿ.ಟಿ. ಹತ್ತಿಯನ್ನು ತಿಂದೇ ಇದೆ. ಆದರೂ ಗುಲಾಬಿ ಹುಳದಷ್ಟು ಬೇಗ ಗೆದ್ದು ಬರಲಿಲ್ಲ. ಇದಕ್ಕೆ ಮುಖ್ಯ ಕಾರಣವೇನೆಂದರೆ, ಅದು ತೊಗರಿ, ಕಡಲೆ, ಟೊಮ್ಯಾಟೋ ಮೊದಲಾದ ಅನೇಕ ಬೆಳೆಗಳನ್ನು ತಿಂದು ಬದುಕುತ್ತದೆ. ನಾವು ಆಸರೆಯನ್ನು ಬಿತ್ತದಿದ್ದರೂ ನಮ್ಮ ತೊಗರಿಯ ಸಾಲುಗಳೇ ಅದಕ್ಕೆ ಆಸರೆಯಾದುವು. ಗುಲಾಬಿ ಹುಳಕ್ಕಾದರೋ ಹತ್ತಿಯೇ ಬಹುಮಟ್ಟಿಗೆ ಏಕಮಾತ್ರ ಆಹಾರ. ಕೃಷ್ಣೆಯ ಕಡೆಯ ದೇವದುರ್ಗದಿಂದ ತುಂಗಭದ್ರೆಯ ಕಡೆಯ ಮಾನ್ವಿಯವರೆಗೆ ಅದು ಕಂಡುದು ಒಂದೇ ಬಗೆಯ ವಿಷವುಳ್ಳ ಗಿಡ. ಅಲ್ಲಿ ಆಯ್ಕೆಯು ಎಡೆಬಿಡದೆ ಒಂದೇ ದಿಕ್ಕಿಗೆ ನಡೆಯಿತು. ಕಾಲುವೆಯ ನೀರಿದ್ದ ಕಡೆ ಹತ್ತಿಯನ್ನು ಬೇಸಗೆಯ ತನಕ ನಿಲ್ಲಿಸಿಕೊಂಡುದರಿಂದ ಹುಳಕ್ಕೆ ಉಪವಾಸದ ಕಾಲವೂ ಇಲ್ಲದೆ ಹೋಯಿತು.

ಇನ್ನು ಹತ್ತಿಯ ಕಡೆಗೆ ತಿರುಗಿ ನೋಡಿದರೆ ಮನಸ್ಸಿಗೆ ವ್ಯಸನವಾಗುತ್ತದೆ. ನಮ್ಮ ಅಜ್ಜಂದಿರು ಜವಾರಿ ಹತ್ತಿಯನ್ನು ಬೆಳೆಯುತ್ತಿದ್ದರು. ಅದರ ಎಳೆ ಗಿಡ್ಡ, ಇಳುವರಿ ಕಡಿಮೆ. ಆದರೆ ಬರವನ್ನು ತಾಳುವ ಶಕ್ತಿಯೂ ಕೆಲವು ರೋಗಗಳು ತಾಗದ ಗುಣವೂ ಅದರಲ್ಲಿದ್ದುವು. ಉತ್ತರ ಭಾರತದಲ್ಲಿ ಅಮೆರಿಕನ್ ಹತ್ತಿಯನ್ನು ಹಾಳುಮಾಡಿದ ಎಲೆಮುರುಟು ರೋಗವು ಜವಾರಿ ಹತ್ತಿಯನ್ನು ಮುಟ್ಟಲಿಲ್ಲ. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಪ್ರಸಿದ್ಧವಾದ ಹೈಬ್ರಿಡ್ಡನ್ನು ಹೊರತಂದುದು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ. ವೈವಿಧ್ಯವಿದ್ದುದರಿಂದಲೇ ಹೊಸದು ಹುಟ್ಟಿತು. ಈಗ ದೇಶದ ಹತ್ತಿಯ ಭೂಮಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿ.ಟಿ. ಹತ್ತಿಯೇ. ಹೆಸರುಗಳು ನೂರಾರು, ಒಳಗಿನ ವಿಷ ಒಂದೇ. ಹುಳವು ತನ್ನ ವೈವಿಧ್ಯವನ್ನು ಉಳಿಸಿಕೊಂಡಿತು. ನಾವು ನಮ್ಮದನ್ನು ಬಿಟ್ಟುಕೊಟ್ಟೆವು. ಈ ಯುದ್ಧದಲ್ಲಿ ನಾವು ಸೋತುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಾಣೆನು.

ಮಾನ್ವಿಯ ಭತ್ತದ ರೈತರು ಕಂದು ಜಿಗಿಹುಳವನ್ನು ಬಲ್ಲರು. 1970ರ ದಶಕದಲ್ಲಿ ಆ ಹುಳವು ಹರಡಿದ ಒಂದು ಗಿಡ್ಡರೋಗವು ಏಷ್ಯದ ಭತ್ತದ ಗದ್ದೆಗಳನ್ನು ಹಾಳುಮಾಡತೊಡಗಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ಅಷ್ಟರಲ್ಲಿ ಒಂದೇ ಒಂದು ರೋಗವನ್ನು ತಡೆಯಿತು. ಅದು ನಮ್ಮ ಉತ್ತರ ಪ್ರದೇಶದಿಂದ ತಂದಿದ್ದ ಕಾಡುಭತ್ತ. ಕಳೆಯೆಂದು ಕಿತ್ತೊಗೆಯತಕ್ಕ ಆ ಹುಲ್ಲಿನ ಗುಣವನ್ನು ಕೂಡಿಸಿಯೇ ಮುಂದಿನ ತಳಿಗಳನ್ನು ಕಾಪಾಡಿದರು. ನಮ್ಮ ಸೀಮೆಯ ಜವಾರಿ ಹತ್ತಿ, ಹಿಂಗಾರಿ ಬಿಳಿಜೋಳ, ಕೆಂಗುರಿ ಕುರಿ ಇವುಗಳಲ್ಲಿ ಯಾವುದು ಯಾವ ಕಾಲಕ್ಕೆ ನಮ್ಮನ್ನು ಉಳಿಸುವುದೋ ಮೊದಲೇ ಹೇಳುವುದು ಯಾರಿಂದಲೂ ಆಗದು. ಹೇಳಲಾಗದೆಂಬ ಕಾರಣದಿಂದಲೇ ಎಲ್ಲವನ್ನೂ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಬರೆದುದರ ಮುಖ್ಯ ಉದ್ದೇಶಕ್ಕೆ ಈಗ ಬರುತ್ತೇನೆ. ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯವರು ಮಕ್ಕಳ ಭಾರವನ್ನು ಇಳಿಸುವ ಸಲುವಾಗಿ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಿದರು. 2023ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆನುವಂಶೀಯತೆಯ ಭಾಗವು ಮಾತ್ರ ಉಳಿಯಿತು. ಆ ವರ್ಷವೇ 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಉಪಾಧ್ಯಾಯರೂ ಇದನ್ನು ವಿರೋಧಿಸಿ ಬಹಿರಂಗ ಪತ್ರವನ್ನು ಬರೆದರು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರವನ್ನು ಓದುವವರಿಗೆ ಆ ಪಾಠವುಂಟಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಅವರು ನಮ್ಮ ಹಾಜರಿ ಪುಸ್ತಕವನ್ನು ಒಂದು ಸಾರಿ ನೋಡಬೇಕು. ಹತ್ತನೆಯ ತರಗತಿಯೇ ಕಡೆಯ ತರಗತಿಯಾಗುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ವೈದ್ಯೆಯಾಗುವವಳು ಮುಂದೆ ಅದನ್ನು ಓದಿಯಾಳು. ಆದರೆ ಮದುವೆಯಾಗಿ ದೇವದುರ್ಗದ ಹೊಲಕ್ಕೆ ಹೋಗಿ, ಬೀಜದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಲ್ಲತಕ್ಕವಳಿಗೇ ಈ ಪಾಠವು ಹೆಚ್ಚಾಗಿ ಬೇಕು. ಅವಳಿಗೇ ಅದನ್ನು ಕೊಡದೆ ಹೋದರೆ ಇಳಿದದ್ದು ಭಾರವಲ್ಲ, ಬುತ್ತಿ.

ಈ ಪಾಠವು ದೈವಭಕ್ತಿಗೆ ಬಾಧಕವಲ್ಲವೆ ಎಂದು ಕೆಲವರು ಪೋಷಕರು ನನ್ನನ್ನು ಕೇಳಿರುವರು. ಬಟಾಣಿಯ ಗಿಡಗಳನ್ನು ಎಣಿಸಿ 1866ರಲ್ಲಿ ಆನುವಂಶೀಯತೆಯ ನಿಯಮಗಳನ್ನು ಪ್ರಕಟಿಸಿದ ಮೆಂಡಲನು ಕ್ರೈಸ್ತ ಮಠದ ಸನ್ಯಾಸಿ. ತೋಟದಲ್ಲಿ ಎಣಿಸಿದುದರಿಂದ ಅವನ ಪ್ರಾರ್ಥನೆಗೆ ಭಂಗ ಬರಲಿಲ್ಲ. ಸೃಷ್ಟಿಯಲ್ಲಿ ಕಣ್ಣಾರೆ ಕಂಡುದನ್ನು ಮಕ್ಕಳಿಂದ ಮರೆಮಾಡುವುದು ಭಕ್ತಿಯ ಲಕ್ಷಣವೆಂದು ನಾನು ತಿಳಿಯೆನು.

ಆದಕಾರಣ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ವಿನಂತಿ ಇದು. ಹುಳವು ಈಗಾಗಲೇ ಗೆದ್ದಿರುವ ಹೊಲದಲ್ಲಿ ಆಸರೆಯ ಸಾಲುಗಳು ಮಾತ್ರವೇ ಸಾಲವು. ಹತ್ತಿಯನ್ನು ಡಿಸೆಂಬರು ಮುಗಿಯುವಷ್ಟರಲ್ಲಿ ಬಿಡಿಸಿ ಮುಗಿಸಿರಿ. ಕಟ್ಟಿಗೆಯನ್ನೂ ಒಡೆಯದ ಕಾಯಿಗಳನ್ನೂ ಹೊಲದಲ್ಲಿ ಉಳಿಸಬೇಡಿರಿ, ಏಕೆಂದರೆ ಹುಳವು ಅವುಗಳಲ್ಲಿಯೇ ಮುಂದಿನ ಮಳೆಯ ತನಕ ನಿದ್ರೆ ಮಾಡುತ್ತದೆ. ಮೋಹಕ ಬಲೆಗಳನ್ನು ಕಟ್ಟಿ ಪತಂಗಗಳನ್ನು ಎಣಿಸಿರಿ. ರಾಯಚೂರಿನಲ್ಲಿಯೇ 2008ರಿಂದ ಕೃಷಿ ವಿಶ್ವವಿದ್ಯಾಲಯವುಂಟು; ಅಲ್ಲಿಯ ತಜ್ಞರನ್ನು ಕೇಳುವುದಕ್ಕೆ ಸಂಕೋಚಪಡಬೇಡಿರಿ. ಮುಂದೆ ಹೊಸ ಬೀಜವು ಬಂದ ದಿವಸ, ಆಸರೆಯ ಬೀಜವನ್ನು ಮಾತ್ರ ಬದುವಿಗೆ ಎಸೆಯಬೇಡಿರಿ. ಹತ್ತಿ ಬಿಡಿಸುವ ಕಾಲದಲ್ಲಿ ಮಗಳನ್ನು ಹೊಲಕ್ಕೆ ಕರೆಯದೆ ಶಾಲೆಗೆ ಕಳುಹಿಸಿರಿ ಎಂಬುದನ್ನೂ ಸೇರಿಸಿ ಹೇಳಲೇಬೇಕು. ಹೊಲದ ಈ ಲೆಕ್ಕವನ್ನು ಅವಳು ಕಲಿಯತಕ್ಕದ್ದು ಇಲ್ಲಿಯೇ.

ಉಪಾಧ್ಯಾಯಿನಿಯರು ಪುಸ್ತಕದಲ್ಲಿರಲಿ ಇಲ್ಲದಿರಲಿ ಈ ಪಾಠವನ್ನು ಬಿಡಬಾರದು. ನಮ್ಮ ಶಾಲೆಯಲ್ಲಿ ಈಗ ಇದಕ್ಕೆ ಪ್ರತ್ಯೇಕ ಪುಸ್ತಕವಿಲ್ಲ. ದಸರೆಯ ರಜೆಯಿಂದ ಹಿಂದಿರುಗುವಾಗ ಪ್ರತಿಯೊಬ್ಬಳೂ ತನ್ನ ಹೊಲದಿಂದ ಹತ್ತು ಕಾಯಿಗಳನ್ನು ತರುವಳು. ಅವನ್ನು ಒಡೆದು, ಹುಳವಿದ್ದುವು ಎಷ್ಟು, ಇಲ್ಲದವು ಎಷ್ಟು ಎಂದು ಕಪ್ಪುಹಲಗೆಯ ಮೇಲೆ ಬರೆಯುವೆವು. ಕಳೆದ ಸಾರಿ ಒಬ್ಬಳು ಎದ್ದು, “ಹುಳ ಕಲ್ತಿಲ್ಲ, ಉಳಿದೈತಿ” ಎಂದಳು. ಆ ದಿವಸದ ಪಾಠವನ್ನು ನಾನು ಅಲ್ಲಿಗೇ ಮುಗಿಸಿದೆನು.